ಬಾಳಿಕೆ

ಮನುಷ್ಯನಿಗೂ ವಸ್ತುವಿಗೂ ಸಮನಾಗಿ ಸಲ್ಲುವ ಮಾತೊಂದು ನಮ್ಮ ಕನ್ನಡದಲ್ಲಿದೆ. ಮನುಷ್ಯನು ಬಾಳುತ್ತಾನೆ, ಅವನು ಹೊದೆಯುವ ಕಂಬಳಿಯೂ ಬಾಳುತ್ತದೆ. ‘ಈ ಸೀರೆ ಬಾಳಿಕೆ ಬಂದೀತೇ?’ ಎಂದು ನಮ್ಮ ತಾಯಂದಿರು ಅಂಗಡಿಯವನನ್ನು ಕೇಳುವಾಗ ಸೀರೆಗೂ ಒಂದು ಆಯುಷ್ಯವುಂಟೆಂಬುದನ್ನು ಒಪ್ಪಿಕೊಂಡೇ ಕೇಳುತ್ತಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇದಕ್ಕೆ ‘ತಾಳಿಕೆ’ ಎಂದೂ ಅನ್ನುವುದುಂಟು. ಬಾಳುವುದೂ ತಾಳುವುದೂ ಒಂದರೊಡನೊಂದು ಹೊಂದಿಕೊಂಡ ಮಾತುಗಳೆಂಬುದನ್ನು ಸಂಸಾರಸ್ಥರಾದ ನಿಮಗೆ ನಾವು ಬಿಡಿಸಿ ಹೇಳಬೇಕಾದುದಿಲ್ಲ. ಈ ತಿಂಗಳ ನಮ್ಮ ಬರಹವು ಬಾಳಿಕೆಯ ವಸ್ತುಗಳನ್ನು ಕುರಿತದ್ದು.

ಕಳೆದ ಶ್ರಾವಣಕ್ಕೆ ಮುನ್ನ ಮಠದ ಉಗ್ರಾಣವನ್ನು ತೆರವು ಮಾಡಿಸಿದೆವು. ಹೊರಬಂದ ಸಾಮಾನುಗಳು ಅಂಗಳದ ಅರ್ಧಭಾಗವನ್ನು ಆಕ್ರಮಿಸಿದವು. ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿಗಳು, ಮೋಟಾರು ಸುಟ್ಟ ಮಿಕ್ಸರುಗಳು, ನಿಂತುಹೋದ ಗೋಡೆಗಡಿಯಾರಗಳು, ಹಿಡಿಕೆ ಕಿತ್ತ ಬಕೆಟುಗಳು, ತಳ ಸೀದು ಉಬ್ಬಿದ ಪಾತ್ರೆಗಳು. ಇವೆಲ್ಲ ಭಕ್ತಿಯಿಂದ ಬಂದವುಗಳೇ. ಒಂದೊಂದರ ಮೇಲೂ ಕೊಟ್ಟವರ ಹೆಸರನ್ನು ಬಣ್ಣದಿಂದ ಬರೆಯಿಸಲಾಗಿತ್ತು. ವಸ್ತು ಹಾಳಾಗಿ ಹೆಸರು ಮಾತ್ರ ಅಳಿಯದೆ ಉಳಿದುದನ್ನು ಕಂಡು ನಮ್ಮ ಶಿಷ್ಯರೊಬ್ಬರು ನಕ್ಕರು. ನಮಗೆ ನಗು ಬರಲಿಲ್ಲ. ಇವುಗಳಲ್ಲಿ ಹೆಚ್ಚಿನವು ಐದು ವರ್ಷಕ್ಕಿಂತ ಈಚಿನವು. ಅದೇ ಉಗ್ರಾಣದ ಮತ್ತೊಂದು ಮೂಲೆಯಲ್ಲಿ ಮೂರು ತಲೆಮಾರಿನ ಹಿಂದೆ ಒಂದು ಧಾನ್ಯವರ್ತಕರ ಮನೆತನದವರು ಒಪ್ಪಿಸಿದ ತಾಮ್ರದ ಕೊಪ್ಪರಿಗೆಗಳು ಇದ್ದವು. ಅವುಗಳನ್ನು ಹೊರಗೆ ಹಾಕುವ ಪ್ರಶ್ನೆಯೇ ಬರಲಿಲ್ಲ. ಜಾತ್ರೆಯ ದಾಸೋಹಕ್ಕೆ ಅವೇ ಬೇಕು.

‘ವಿರಕ್ತರಿಗೆ ಸಾಮಾನುಸರಂಜಾಮುಗಳ ಗೊಡವೆ ಏಕೆ?’ ಎಂದು ಕೆಲವರು ಕೇಳಬಹುದು. ಉಚಿತವಾದ ಪ್ರಶ್ನೆಯೇ. ಆದರೆ ಕೆಲವೇ ವಸ್ತುಗಳನ್ನು ಇಟ್ಟುಕೊಳ್ಳತಕ್ಕವನು ಆ ಕೆಲವನ್ನು ನೋಡಿ ಆರಿಸಿಕೊಳ್ಳಬೇಕಾಗುತ್ತದೆ. ಹತ್ತು ಅಂಗಿಯಿದ್ದವನಿಗೆ ಒಂದು ಹರಿದರೆ ಚಿಂತೆಯಿಲ್ಲ. ಎರಡು ಕಾವಿವಸ್ತ್ರವುಳ್ಳವನಿಗೆ ನೂಲಿನ ಗುಣ ತಿಳಿದಿರಬೇಕು. ಮೇಲಾಗಿ ಮಠದ ಹಣವೆಂಬುದು ಮಠದ್ದಲ್ಲ. ಅದು ಬೇರೊಬ್ಬರ ಬೆವರು. ಅದನ್ನು ಆರು ತಿಂಗಳಿಗೆ ಮುರಿಯುವ ಕುರ್ಚಿಗೆ ಸುರಿಯುವ ಅಧಿಕಾರ ನಮಗಿಲ್ಲ.

ಮೇಲೆ ಹೇಳಿದ ಕೊಪ್ಪರಿಗೆಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು; ಬಾಳಿಕೆಯೆಂದರೇನೆಂಬುದನ್ನು ನಾವು ಕಲಿತುದು ಅವುಗಳಿಂದಲೇ. ತಾಮ್ರವು ಶಾಖವನ್ನು ಎಲ್ಲೆಡೆಗೂ ಸಮನಾಗಿ ಹಂಚುತ್ತದೆ. ಆದುದರಿಂದ ಕ್ವಿಂಟಲುಗಟ್ಟಲೆ ಅಕ್ಕಿ ಬೇಯುವಾಗಲೂ ತಳ ಹಿಡಿಯುವುದು ಕಡಿಮೆ. ಆದರೆ ಹುಣಸೆಹುಳಿ, ಮಜ್ಜಿಗೆ, ಟೊಮೇಟೊ ಮೊದಲಾದ ಹುಳಿಪದಾರ್ಥಗಳು ತಾಮ್ರ ಹಿತ್ತಾಳೆಗಳನ್ನು ನೇರವಾಗಿ ಮುಟ್ಟಿದರೆ ಲೋಹವು ಕರಗಿ ಅಡುಗೆಯಲ್ಲಿ ಬೆರೆಯುತ್ತದೆ. ರುಚಿ ಕೆಡುವುದಲ್ಲದೆ ಆರೋಗ್ಯಕ್ಕೂ ಬಾಧಕ. ನಾವು ಕಿಲುಬು ಎನ್ನುವುದು ಈ ಜಾತಿಯದೇ. ಅದಕ್ಕಾಗಿ ಹಿರಿಯರು ಒಳಮೈಗೆ ತವರದ ತೆಳುವಾದ ಲೇಪ ಕೊಡಿಸುತ್ತಿದ್ದರು. ಅದೇ ಕಲಾಯಿ.

ಕಲಾಯಿ ಹಾಕುವುದನ್ನು ನಮ್ಮ ವಸತಿನಿಲಯದ ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಹುಣಸೆಹಣ್ಣು, ಮರಳುಗಳಿಂದ ಪಾತ್ರೆಯನ್ನು ತಿಕ್ಕಿ ತೊಳೆದು, ನೆಲದಲ್ಲಿ ತೋಡಿದ ಕುಲುಮೆಯ ಮೇಲೆ ಬೋರಲಾಗಿಯೂ ಓರೆಯಾಗಿಯೂ ಹಿಡಿದು ಕಾಯಿಸುತ್ತಿದ್ದರು. ತಿದಿಯೊತ್ತುವ ಕೆಲಸ ಹುಡುಗರ ಪಾಲಿಗೆ. ಅದಕ್ಕಾಗಿ ಜಗಳವೇ ನಡೆಯುತ್ತಿತ್ತು. ಪಾತ್ರೆ ಕಾದಾಗ ಒಳಗೆ ನವಸಾಗರದ ಪುಡಿಯನ್ನು ಎರಚಿದರೆ ದಟ್ಟವಾದ ಬಿಳಿಯ ಹೊಗೆ ಏಳುತ್ತದೆ. ಆ ಪುಡಿಯು ಲೋಹದ ಮೇಲಿನ ಕೊಳೆಯ ಪದರವನ್ನು ಕಳೆದು ತವರ ಅಂಟುವಂತೆ ಮಾಡುತ್ತದೆ. ತವರವು ಕೇವಲ 232 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುವ ಲೋಹ. ಅದರ ಕಡ್ಡಿಯನ್ನು ಕಾದ ಮೈಗೆ ತಾಗಿಸಿ, ಹತ್ತಿಯ ಉಂಡೆಯಿಂದ ಒಂದೇ ಬೀಸಿಗೆ ಒರಸಿದರೆ ಕೆಂಪು ಪಾತ್ರೆಯ ಒಳಗೆ ಬೆಳ್ಳಿಯ ಬೆಳಕು ಹರಿದಂತಾಗುತ್ತದೆ. ಒಡನೆಯೇ ನೀರಿಗೆ ಅದ್ದುವುದು. ನೋಡಲು ನಾಲ್ಕು ನಿಮಿಷದ ಕೆಲಸ. ಆದರೆ ಶಾಖ ಹೆಚ್ಚಾದರೆ ತವರ ಸುಟ್ಟು ಹಳದಿಯಾಗುತ್ತದೆ, ಕಡಿಮೆಯಾದರೆ ಗಂಟುಗಟ್ಟುತ್ತದೆ. ಕೈಯಲ್ಲಿ ಉಷ್ಣಮಾಪಕವಿಲ್ಲದೆ ಕಣ್ಣಿನಿಂದಲೇ ಅದನ್ನು ಅಳೆಯುವ ವಿದ್ಯೆ ಹತ್ತಾರು ವರ್ಷಗಳ ಅಭ್ಯಾಸದಿಂದ ಬರತಕ್ಕದ್ದು. ತವರದೊಡನೆ ಸೀಸವನ್ನು ಬೆರಸಿದರೆ ಖರ್ಚು ತಗ್ಗುತ್ತದೆ. ಆದರೆ ಸೀಸ ವಿಷ. ಆದುದರಿಂದ ಕಲಾಯಿಗಾರನ ಕೈಚಳಕದಷ್ಟೇ ಅವನ ಪ್ರಾಮಾಣಿಕತೆಯೂ ಮುಖ್ಯ.

ಈಗ ಗಮನಿಸಿರಿ. ನಿತ್ಯದ ಬಳಕೆಯಲ್ಲಿ ಕಲಾಯಿ ಕೆಲವು ತಿಂಗಳಿಗೇ ಸವೆಯುತ್ತದೆ. ಅಂದಮೇಲೆ ಕೊಪ್ಪರಿಗೆಯು ಮೂರು ತಲೆಮಾರು ಬಾಳಿತೆಂಬುದು ಪೂರ್ತಿ ಸತ್ಯವಲ್ಲ. ಅದನ್ನು ಮತ್ತೆ ಮತ್ತೆ ಬಾಳಿಸಲಾಯಿತು. ನೂರಾರು ಸಲ ಅದರ ಒಳಮೈ ಸವೆಯಿತು, ನೂರಾರು ಸಲ ಅದಕ್ಕೆ ಹೊಸ ಮೈ ಬಂದಿತು. ಕಲಾಯಿಗಾರನಿಲ್ಲದಿದ್ದರೆ ಎಂಥ ದಪ್ಪನೆಯ ತಾಮ್ರವೂ ಉಗ್ರಾಣದ ಅಲಂಕಾರವೇ ಸರಿ. ನಮ್ಮ ಊರಿನಲ್ಲಿ ಹಿಂದೆ ಇದ್ದ ಮೂರು ಕಲಾಯಿ ಅಂಗಡಿಗಳಲ್ಲಿ ಇಂದು ಒಂದೂ ಇಲ್ಲ. ಜಾತ್ರೆಗೆ ಮುನ್ನ ಎಪ್ಪತ್ತು ಮೈಲಿ ದೂರದಿಂದ ಒಬ್ಬ ಸಾಹೇಬರನ್ನು ಕರೆಸುತ್ತೇವೆ. ಅವರ ವಯಸ್ಸು ಅರವತ್ತೆಂಟು. ಮಗನು ಬೆಂಗಳೂರಿನಲ್ಲಿ ವಾಹನ ನಡೆಸುತ್ತಾನೆ. ಕೊಪ್ಪರಿಗೆಗಿಂತ ಮೊದಲು ಮುಗಿಯುವುದು ಆ ಕೈ ಎಂಬ ಭಯ ನಮ್ಮನ್ನು ಬಿಟ್ಟಿಲ್ಲ.

ವಸ್ತುವೊಂದನ್ನು ಕೊಳ್ಳುವಾಗ ಎಲ್ಲರೂ ಬೆಲೆ ಕೇಳುತ್ತಾರೆ. ಜಾಣರು ಗ್ಯಾರಂಟಿ ಕೇಳುತ್ತಾರೆ. ‘ಇದು ಕೆಟ್ಟರೆ ಬಿಚ್ಚಲು ಬರುತ್ತದೆಯೇ? ಬಿಚ್ಚಿದರೆ ಸರಿಪಡಿಸುವವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ?’ ಎಂದು ಕೇಳುವವರು ಅಪರೂಪ. ಬೆಲೆ ಹೆಚ್ಚೆಂಬ ಮಾತ್ರದಿಂದ ವಸ್ತು ಬಾಳುವುದೆಂಬುದು ಭ್ರಮೆ. ಅಂಟಿನಿಂದ ಮುಚ್ಚಿದ ದುಬಾರಿ ಯಂತ್ರಕ್ಕಿಂತ ನಾಲ್ಕು ತಿರುಪುಗಳಿಂದ ಬಿಗಿದ ಸಾಧಾರಣ ಯಂತ್ರವೇ ಮೇಲು.

ಕಲಾಯಿಗಾರರು ಸಿಗದ ಊರುಗಳಲ್ಲಿ ಸ್ಟೀಲಿನ ಪಾತ್ರೆಯೇ ಗತಿ; ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಸ್ಟೀಲೆಲ್ಲ ಒಂದೇ ಅಲ್ಲ. 304 ಎಂಬ ದರ್ಜೆಯದರಲ್ಲಿ ಸುಮಾರು 18 ಪ್ರತಿಶತ ಕ್ರೋಮಿಯಂ, 8 ಪ್ರತಿಶತ ನಿಕ್ಕಲ್ ಇರುತ್ತವೆ. 200ರ ಮಾಲಿಕೆಯ ಅಗ್ಗದ ಸ್ಟೀಲಿನಲ್ಲಿ ನಿಕ್ಕಲ್ ತಗ್ಗಿಸಿ ಮ್ಯಾಂಗನೀಸ್ ಸೇರಿಸುತ್ತಾರೆ. ಉಪ್ಪು ಹುಳಿಗಳೆದುರು ಅದು ಅಷ್ಟು ಕಾಲ ನಿಲ್ಲುವುದಿಲ್ಲ. ಅಯಸ್ಕಾಂತವನ್ನು ಹಿಡಿದು ನೋಡಿ ಅಂಟದಿದ್ದರೆ ಉತ್ತಮವೆಂದು ಅಂಗಡಿಯಲ್ಲಿ ಹೇಳುವುದುಂಟು. ಅದನ್ನು ನಂಬಬೇಡಿರಿ. ಈ ಎರಡು ಬಗೆಯೂ ಅಯಸ್ಕಾಂತಕ್ಕೆ ಬಹುಮಟ್ಟಿಗೆ ಅಂಟುವುದಿಲ್ಲ. ದರ್ಜೆಯ ಮುದ್ರೆಯನ್ನು ನೋಡಿ, ಅದನ್ನು ರಸೀತಿಯಲ್ಲಿ ಬರೆಯಿಸಿಕೊಳ್ಳುವುದೇ ಸರಿಯಾದ ಮಾರ್ಗ.

ಇನ್ನು ವಸ್ತ್ರದ ಮಾತು. ನಾವು ಬಾಲಕರಾಗಿ ಮಠಕ್ಕೆ ಬಂದಾಗ ಪೂರ್ವಾಶ್ರಮದ ತಾಯಿ ಒಂದು ಕೌದಿಯನ್ನು ಕಟ್ಟಿಕೊಟ್ಟಿದ್ದರು. ಅದರ ನಡುವೆ ಇದ್ದುದು ಆಕೆಯ ಮದುವೆಯ ಇಳಕಲ್ ಸೀರೆಯ ಒಡಲು. ಇಳಕಲ್ ಸೀರೆಯ ವೈಶಿಷ್ಟ್ಯವನ್ನು ಬಾಗಲಕೋಟೆಯ ಸೀಮೆಯ ಓದುಗರು ನಮಗಿಂತ ಚೆನ್ನಾಗಿ ಬಲ್ಲರು. ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ಕೆಂಪು ರೇಷ್ಮೆಯ ಹಾಸು. ಇವೆರಡನ್ನೂ ಎಳೆಗೆ ಎಳೆಯನ್ನು ಕುಣಿಕೆ ಹಾಕಿ ಕೂಡಿಸಬೇಕು. ಹಾಗೆ ಕೂಡಿಸಬೇಕಾದುದರಿಂದ ಒಂದೊಂದು ಸೀರೆಗೂ ಹಾಸನ್ನು ಬೇರೆಬೇರೆಯಾಗಿಯೇ ಸಿದ್ಧಪಡಿಸಬೇಕಾಗುತ್ತದೆ. ಕೆಂಪಿನ ನಡುವೆ ಬಿಳಿಯ ವಿನ್ಯಾಸ ಮೂಡುವ ತೋಪ-ತೆನಿ ಸೆರಗು ಹೀಗೆ ಹುಟ್ಟುವಂಥದು. ಅದನ್ನು ಅನುಕರಿಸಿ ಅಚ್ಚೊತ್ತಿದ ಸೀರೆಗಳು ಈಗ ಸಂತೆಗಳಲ್ಲಿ ರಾಶಿಯಾಗಿವೆ. ಸೆರಗು ಒಡಲನ್ನು ಕೂಡುವಲ್ಲಿ ಒಮ್ಮೆ ಬೆರಳಾಡಿಸಿ ನೋಡಿರಿ. ನೇಕಾರನ ಕುಣಿಕೆಗಳ ಸಾಲು ಕೈಗೆ ತಾಗಬೇಕು.

ಹತ್ತಿಯ ಸೀರೆಗೆ ಒಂದೇ ಬಾಳಲ್ಲ, ಹಲವು ಬಾಳು. ಹಬ್ಬಕ್ಕೆ ಉಡುವ ಸೀರೆ ಹತ್ತು ವರ್ಷದ ಬಳಿಕ ಹೊಲಕ್ಕೆ ಉಡುವ ಸೀರೆಯಾಗುತ್ತದೆ. ಆಮೇಲೆ ತೊಟ್ಟಿಲಾಗುತ್ತದೆ, ಕೂಸಿನ ಕುಂಚಿಗೆಯಾಗುತ್ತದೆ, ಕೌದಿಯಾಗುತ್ತದೆ, ಕಟ್ಟಕಡೆಗೆ ನೆಲ ಒರಸುವ ಅರಿವೆಯಾಗುತ್ತದೆ. ಮೆತ್ತಗಾದಷ್ಟೂ ಅದರ ಉಪಯೋಗ ಹೆಚ್ಚುತ್ತದೆ. ಪಾಲಿಯೆಸ್ಟರ್ ಸೀರೆಯು ನೂಲಿಗೆ ನೂಲು ನೋಡಿದರೆ ಹತ್ತಿಗಿಂತ ಗಟ್ಟಿ ಎಂಬುದು ನಿಜ. ಅದು ಹರಿಯುವುದೂ ಇಲ್ಲ, ಮಣ್ಣಿನಲ್ಲಿ ಕರಗುವುದೂ ಇಲ್ಲ. ಆದರೆ ಬೆವರನ್ನು ಹೀರದ ಅರಿವೆಯಿಂದ ಹೊಲಿದ ಕೌದಿಯನ್ನು ಯಾರು ಹೊದ್ದಾರು? ಹಾಳಾಗದಿರುವುದೇ ಬಾಳಿಕೆಯಾಗಿದ್ದರೆ ಊರ ಹೊರಗಿನ ತಿಪ್ಪೆಯಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಚೀಲಕ್ಕಿಂತ ಬಾಳುವ ವಸ್ತು ಮತ್ತೊಂದಿಲ್ಲ. ನಮ್ಮ ಆ ಕೌದಿ ಮೂವತ್ತು ವರ್ಷ ಬಂದಿತು.

ಚಳಿಗಾಲದಲ್ಲಿ ಹೊದಿಕೆಗಳನ್ನು ದಾನ ಮಾಡುವ ಭಕ್ತರಿಗೆ ಇಲ್ಲೊಂದು ಮಾತು. ದಾನಕ್ಕೆಂದೇ ಮಾರುವ ಅಗ್ಗದ ಹೊದಿಕೆಗಳಲ್ಲಿ ಬಹಳಷ್ಟನ್ನು ಹರಿಯಾಣದ ಪಾಣಿಪತ್ತಿನಲ್ಲಿ ಹಳೆಯ ಬಟ್ಟೆಗಳನ್ನು ಚಿಂದಿ ಮಾಡಿ, ಆ ಎಳೆಗಳನ್ನು ಮತ್ತೆ ನೂತು ನೇಯುತ್ತಾರೆ. ಹಳೆಯದನ್ನು ಬಳಸುವುದು ಸ್ತುತ್ಯವೇ. ಆದರೆ ಎಳೆ ಗಿಡ್ಡದಾದುದರಿಂದ ನೂಲು ಬಲಹೀನ. ಎರಡು ಚಳಿಗಾಲಕ್ಕೆ ತೇಲಾಡಿಹೋಗುತ್ತದೆ. ದಖ್ಖನಿನ ಕುರಿಯ ಉಣ್ಣೆಯಿಂದ ನಮ್ಮ ಕುರುಬ ಬಂಧುಗಳು ಕುಣಿಮಗ್ಗದಲ್ಲಿ ನೇಯುವ ಕರಿಯ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ. ಮೊದಮೊದಲು ಮೈಗೆ ಚುಚ್ಚುತ್ತದೆ, ವಾಸನೆಯೂ ಉಂಟು. ಆದರೆ ಉಣ್ಣೆಯ ಸಹಜವಾದ ಜಿಡ್ಡಿನಿಂದಾಗಿ ಅದು ಮಳೆಯ ಹನಿಯನ್ನು ಬೇಗ ಒಳಗೆ ಬಿಡುವುದಿಲ್ಲ. ಹೊದೆಯಲು, ಹಾಸಲು, ಕೊಪ್ಪೆ ಹಾಕಲು, ರಾಶಿಯ ಕಣದಲ್ಲಿ ಕಾಳು ಹರಡಲು ಅದೊಂದೇ ಸಾಕು. ಚಳ್ಳಕೆರೆಯ ಕಡೆಯಿಂದಲೋ ರಾಣೇಬೆನ್ನೂರು ತಾಲೂಕಿನ ಮೆಡ್ಲೇರಿಯಿಂದಲೋ ತರಿಸಿದ ಐವತ್ತು ಕಂಬಳಿಗಳು ಇನ್ನೂರು ಅಗ್ಗದ ಹೊದಿಕೆಗಳಿಗಿಂತ ಹೆಚ್ಚು ಜನರ ಚಳಿಯನ್ನು ಹೆಚ್ಚು ವರ್ಷ ಕಳೆಯುತ್ತವೆ.

ಮದುವೆಯ ರೇಷ್ಮೆಯ ವಿಷಯ ಹೆಚ್ಚು ನಾಜೂಕಾದುದು. ಇಲ್ಲಿ ಬಡವರೂ ಸಾಲ ತೆಗೆದು ಕೊಳ್ಳುತ್ತಾರೆ. ಆದುದರಿಂದ ಮೋಸವಾದಾಗ ನಷ್ಟವೂ ಎರಡು ಪಟ್ಟು. ಬಡ್ಡಿ ತೀರುವ ಮೊದಲೇ ಜರಿ ಕಪ್ಪಾಗಿ ಬಣ್ಣ ಬಿಟ್ಟ ಸೀರೆಯನ್ನು ತಂದು ನಮ್ಮೆದುರು ಬಿಚ್ಚಿ ತೋರಿಸಿ ಅತ್ತ ತಾಯಿಯೊಬ್ಬರನ್ನು ನಾವು ಕಂಡಿದ್ದೇವೆ. ರೇಷ್ಮೆಯೆಂದು ಕೊಟ್ಟುದು ರೇಷ್ಮೆಯಾಗಿರಲಿಲ್ಲ. ಅಂಚಿನ ಒಂದೆರಡು ಎಳೆಯನ್ನು ಕಿತ್ತು ದೀಪಕ್ಕೆ ಹಿಡಿದರೆ ಸತ್ಯ ತಿಳಿಯುತ್ತದೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಿನಲ್ಲಿ ಪುಡಿಯಾಗುತ್ತದೆ. ಕೃತಕ ನೂಲಾದರೆ ಕರಗಿ ಗಟ್ಟಿಯಾದ ಮಣಿಯಾಗುತ್ತದೆ. ಅಂಗಡಿಯಲ್ಲಿ ಹೀಗೆ ಸುಡಲು ಸಂಕೋಚವಾದವರಿಗೆ ಕೇಂದ್ರ ರೇಷ್ಮೆ ಮಂಡಳಿಯು 2004ರಲ್ಲಿ ಆರಂಭಿಸಿದ ಸಿಲ್ಕ್ ಮಾರ್ಕ್ ಮುದ್ರೆಯಿದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ರೇಷ್ಮೆ ನೇಯ್ಗೆಯ ಕಾರ್ಖಾನೆಯು ಈಗ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಅಧೀನದಲ್ಲಿದೆ. ಅಲ್ಲಿಯ ಒಂದೊಂದು ಸೀರೆಗೂ ಒಂದೊಂದು ಸಂಖ್ಯೆಯುಂಟು. ಅದರ ಜರಿಯಲ್ಲಿ 65 ಪ್ರತಿಶತ ಬೆಳ್ಳಿ, 0.65 ಪ್ರತಿಶತ ಚಿನ್ನ ಇರುವುದೆಂದು ನಿಗಮವು ಪ್ರಕಟಿಸಿದೆ. ವೈಭವದ ವಸ್ತುವೇ ಆಗಲಿ, ಒಳಗೇನಿದೆಯೆಂದು ಅಂಕಿಯಲ್ಲಿ ಹೇಳುವ ಧೈರ್ಯವಿದ್ದಲ್ಲಿ ಕೊಳ್ಳಬಹುದು. ಕೊಂಡ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿಡದೆ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಾಯಿಸಬೇಕು. ನಾಲ್ಕು ಮಧ್ಯಮ ಸೀರೆಗಳ ಬದಲು ಒಂದು ನಿಜವಾದ ಸೀರೆ ಸಾಕೆಂದು ಬೀಗರಿಗೆ ಹೇಳುವ ಧೈರ್ಯ ಮಾತ್ರ ಯಾವ ನಿಗಮದಲ್ಲಿಯೂ ಸಿಗದು!

ಚಪ್ಪಲಿಯ ವಿಷಯದಲ್ಲಿ ಈಚೆಗೆ ಒಂದು ಸೋಜಿಗ ನಡೆಯಿತು. ಕೊಲ್ಹಾಪುರಿ ಎಂದು ಪ್ರಸಿದ್ಧವಾದ ಚಪ್ಪಲಿಗಳು ಮಹಾರಾಷ್ಟ್ರದಲ್ಲಿ ಮಾತ್ರವಲ್ಲದೆ ನಮ್ಮ ಅಥಣಿ, ನಿಪ್ಪಾಣಿಗಳ ಕಡೆಯಲ್ಲಿಯೂ ತಲೆತಲಾಂತರದಿಂದ ತಯಾರಾಗುತ್ತಿವೆ. 2019ರಲ್ಲಿ ಇವುಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಎಂಬ ನಾಲ್ಕು ಜಿಲ್ಲೆಗಳು ಕರ್ನಾಟಕದಿಂದ ಸೇರಿದವು. 2025ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನ್ ನಗರದ ಪ್ರದರ್ಶನವೊಂದರಲ್ಲಿ ಪ್ರಾಡಾ ಎಂಬ ವಿಲಾಸವಸ್ತುಗಳ ಸಂಸ್ಥೆಯು ಇದೇ ರೂಪದ ಚಪ್ಪಲಿಗಳನ್ನು, ಮೂಲವನ್ನು ಹೆಸರಿಸದೆ, ತನ್ನವೆಂಬಂತೆ ತೋರಿಸಿತು. ಇಲ್ಲಿ ಆಕ್ಷೇಪಗಳೆದ್ದ ಬಳಿಕ ಅವು ಭಾರತೀಯ ಕರಕುಶಲ ಪಾದರಕ್ಷೆಗಳಿಂದ ಪ್ರೇರಿತವೆಂದು ಒಪ್ಪಿಕೊಂಡಿತು. ನಮ್ಮ ಸಂತೆಯಲ್ಲಿ ಚೌಕಾಸಿ ಮಾಡಿ ಕೊಳ್ಳುವ ಅದೇ ವಸ್ತು ದೂರದ ವಿಲಾಸದಂಗಡಿಯ ದೀಪದಡಿ ನಿಂತಾಗ ಮಾತ್ರ ನಮ್ಮವರ ಕಣ್ಣಿಗೆ ಬಿದ್ದುದು ನಮಗೆ ಕೆಡುಕೆನಿಸಿತು. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ಚರ್ಮ, ಮೊಳೆಯಿಲ್ಲದೆ ಚರ್ಮದ ದಾರದಿಂದಲೇ ಹಾಕಿದ ಹೊಲಿಗೆ. ಅಟ್ಟೆ ಸವೆದರೆ ಹೊಸ ಅಟ್ಟೆ ಕೂಡಿಸಬಹುದು, ಉಂಗುಟ ಕಿತ್ತರೆ ಉಂಗುಟ. ನೀರಿನಲ್ಲಿ ನೆನೆಯಗೊಡದೆ ಆಗೀಗ ಎಣ್ಣೆ ಸವರಿದರೆ ಆಯಿತು. ಸಮಗಾರ ಹರಳಯ್ಯನವರನ್ನು ಶರಣರೆಂದು ಸ್ಮರಿಸುವ ನಾವು ಚರ್ಮಕಾಯಕದವರಿಗೆ ಅವರ ಕೆಲಸದ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡಬೇಡವೆ?

ಯಂತ್ರವಸ್ತುಗಳು ಬೇಗ ಕೆಡುವುದು ಆಕಸ್ಮಿಕವೆಂದು ತಿಳಿಯಬಾರದು. ನಾವು ವಿಶ್ವವಿದ್ಯಾಲಯದಲ್ಲಿ ಓದುವಾಗ ಅರ್ಥಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಹೇಳಿದ ಇತಿಹಾಸವಿದು. 1924ರಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಜಗತ್ತಿನ ಪ್ರಮುಖ ವಿದ್ಯುದ್ದೀಪ ತಯಾರಕರು ಸೇರಿ ಒಂದು ಕೂಟವನ್ನು ಕಟ್ಟಿಕೊಂಡರು. ಅದಕ್ಕೆ ಫೀಬಸ್ ಎಂದು ಹೆಸರು. ಅಲ್ಲಿಯವರೆಗೆ 1,500 ಗಂಟೆಗೂ ಮಿಕ್ಕಿ ಉರಿಯುತ್ತಿದ್ದ ಬಲ್ಬು 1,000 ಗಂಟೆಗೆ ಆರುವಂತೆ ಮಾಡಬೇಕೆಂದು ನಿರ್ಧರಿಸಿ, ಹೆಚ್ಚು ಕಾಲ ಉರಿಯುವ ಬಲ್ಬು ಮಾಡಿದ ಸದಸ್ಯರಿಗೆ ದಂಡ ವಿಧಿಸತೊಡಗಿದರು. ಚೆನ್ನಾಗಿ ಮಾಡಿದುದಕ್ಕೆ ದಂಡ! ಅತ್ತ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಲಿವರ್‌ಮೋರ್ ಎಂಬ ಊರಿನ ಅಗ್ನಿಶಾಮಕ ಠಾಣೆಯಲ್ಲಿ 1901ರಲ್ಲಿ ಹಚ್ಚಿದ ಬಲ್ಬು ನೂರು ವರ್ಷ ದಾಟಿಯೂ ಮಂದವಾಗಿ ಉರಿಯುತ್ತಿದೆ.

ನಮ್ಮ ಭಕ್ತರಾದ ನಿವೃತ್ತ ಶಿಕ್ಷಕರೊಬ್ಬರ ಮುಂಗೈಯಲ್ಲಿ ಕೀಲಿ ಕೊಡುವ ಎಚ್.ಎಂ.ಟಿ. ಗಡಿಯಾರವಿದೆ. ಆ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಆರಂಭಿಸಿತು; 2016ರಲ್ಲಿ ಕೇಂದ್ರ ಸರ್ಕಾರವು ಅದರ ಗಡಿಯಾರ ಘಟಕವನ್ನು ಮುಚ್ಚಲು ತೀರ್ಮಾನಿಸಿತು. ಕಾರ್ಖಾನೆ ಬಾಳಲಿಲ್ಲ, ಗಡಿಯಾರ ಬಾಳುತ್ತಿದೆ. ಒಳ್ಳೆಯ ವಸ್ತು ಮಾಡಿದ ಮಾತ್ರಕ್ಕೆ ಉದ್ಯಮ ಉಳಿಯುವುದಿಲ್ಲವೆಂಬುದನ್ನೂ ಇಲ್ಲಿ ಮುಚ್ಚಿಡಬೇಕಾಗಿಲ್ಲ. ಯಂತ್ರಗಳ ದುರಸ್ತಿಯ ವಿಚಾರದಲ್ಲಿ ಈಗ ಸರ್ಕಾರಗಳೂ ಎಚ್ಚತ್ತಿವೆ. ಫ್ರಾನ್ಸ್ ದೇಶದಲ್ಲಿ 2021ರಿಂದ ಕೆಲವು ವಿದ್ಯುನ್ಮಾನ ವಸ್ತುಗಳ ಮೇಲೆ, ಅವು ಎಷ್ಟರಮಟ್ಟಿಗೆ ದುರಸ್ತಿಗೆ ಒಗ್ಗುತ್ತವೆಂಬ ಅಂಕವನ್ನು ಮುದ್ರಿಸುವುದು ಕಡ್ಡಾಯವಾಯಿತು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರಲ್ಲಿ ‘ದುರಸ್ತಿಯ ಹಕ್ಕು’ ಕುರಿತು ಸಮಿತಿಯೊಂದನ್ನು ರಚಿಸಿತು. ಕಲಾಯಿಗಾರ ಸಾಹೇಬರಿಗೆ ಇದನ್ನು ತಿಳಿಸಿದಾಗ, ‘ನಾವು ಇಷ್ಟು ದಿನ ಹಕ್ಕಿಲ್ಲದೇನೇ ಮಾಡಿದಿವಿ ಬುದ್ಧಿ’ ಎಂದರು.

ಹಳೆಯದೆಲ್ಲ ಒಳ್ಳೆಯದೆಂದು ನಾವು ಹೇಳುತ್ತಿದ್ದೇವೆಂದು ಯಾರೂ ಭಾವಿಸಬಾರದು. ಲಿವರ್‌ಮೋರಿನ ಬಲ್ಬು ಸೋಜಿಗದ ವಸ್ತುವೇ ಹೊರತು ಓದುವ ಹುಡುಗನಿಗೆ ಅದರ ಬೆಳಕು ಸಾಲದು. ಅವನಿಗೆ ಇಂದಿನ ಎಲ್.ಇ.ಡಿ. ದೀಪವೇ ಮೇಲು. ಗ್ಯಾಸ್ ಒಲೆಯ ರಬ್ಬರು ನಳಿಕೆಯನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಅಪಘಾತದಲ್ಲಿ ಪೆಟ್ಟು ತಿಂದ ಶಿರಸ್ತ್ರಾಣ, ಸವೆದ ಟಯರು, ಬಿರುಕುಬಿಟ್ಟ ವಿದ್ಯುತ್ ತಂತಿ, ಇವುಗಳನ್ನು ‘ಇನ್ನೂ ಬರುತ್ತದೆ’ ಎಂದು ಬಳಸುವುದು ಮಿತವ್ಯಯವಲ್ಲ, ಸಾಹಸ. ಮಠದ ಹಳೆಯ ಪಂಪಸೆಟ್ಟನ್ನು ನಾವೇ ಮಾರಿಸಿದೆವು. ಅದು ಕೆಡದಿದ್ದರೂ ಕುಡಿಯುವ ವಿದ್ಯುತ್ತಿನ ಹಣದಲ್ಲಿ ಮೂರು ವರ್ಷಕ್ಕೊಂದು ಹೊಸದು ಬರುತ್ತಿತ್ತು.

ಇನ್ನೊಂದು ಕಠಿಣವಾದ ಪ್ರಶ್ನೆ ಉಳಿಯಿತು. ‘ಬುದ್ಧಿ, ಒಳ್ಳೆಯದು ತುಟ್ಟಿ. ತುಟ್ಟಿಯದನ್ನು ಕೊಳ್ಳಲು ಕೈಯಲ್ಲಿ ಕಾಸಿರಬೇಕಲ್ಲ’ ಎಂದು ಕೂಲಿಕಾರ ಭಕ್ತರೊಬ್ಬರು ನಮ್ಮನ್ನು ಕೇಳಿದರು. ಈ ಮಾತಿಗೆ ಉಪದೇಶದಿಂದ ಉತ್ತರ ಕೊಡಲಾಗದು. ಕೈಯಲ್ಲಿ ಮುನ್ನೂರು ರೂಪಾಯಿ ಮಾತ್ರವಿದ್ದವನು ಮುನ್ನೂರರ ವಸ್ತುವನ್ನೇ ಕೊಳ್ಳುತ್ತಾನೆ. ಅದು ವರ್ಷದೊಳಗೆ ಹಾಳಾಗಿ ಮತ್ತೆ ಮುನ್ನೂರು ತೆರುತ್ತಾನೆ. ಹೀಗೆ ಬಡವನೇ ಒಟ್ಟಿನಲ್ಲಿ ಹೆಚ್ಚು ತೆರುತ್ತಾನೆ. ಇದು ಅವನ ಅವಿವೇಕವಲ್ಲ. ಉಳ್ಳವರು ಮುಂಗಡವಾಗಿ ಕೂಡಿಸಿ ಕೊಟ್ಟ ಹೊರತು ಈ ಸುಳಿಯಿಂದ ಅವನು ಹೊರಬರಲಾರ.

ಇದನ್ನು ನಾವು ಪ್ರತ್ಯಕ್ಷವಾಗಿ ನೋಡಿದುದು ನಮ್ಮ ಪ್ರಸಾದನಿಲಯದಲ್ಲಿ. ಮೂರು ವರ್ಷಗಳ ಹಿಂದೆ ಹಳೆಯ ವಿದ್ಯಾರ್ಥಿಗಳು ಅಭಿಮಾನದಿಂದ ಇನ್ನೂರು ಶಾಲಾಚೀಲಗಳನ್ನು ತಂದು ಹಂಚಿದರು. ದೀಪಾವಳಿಯ ಹೊತ್ತಿಗೆ ಅವುಗಳಲ್ಲಿ ಅರ್ಧದಷ್ಟರ ಜಿಪ್ಪು ಹೋಗಿತ್ತು, ಪಟ್ಟಿ ಕಿತ್ತಿತ್ತು. ಮಕ್ಕಳು ಅದನ್ನು ಮುಚ್ಚಿಟ್ಟುಕೊಂಡು ಪುಸ್ತಕಗಳನ್ನು ಎದೆಗವಚಿ ಶಾಲೆಗೆ ಹೋಗುತ್ತಿದ್ದರು; ಕೊಟ್ಟವರಿಗೆ ಬೇಸರವಾದೀತೆಂಬುದು ಅವರ ಅಂಜಿಕೆ. ಈ ವಿಷಯ ತಿಳಿದ ಮೇಲೆ ಅದೇ ಸಂಘದವರು ಹಣವನ್ನು ಬಿಡಿಬಿಡಿಯಾಗಿ ಕೊಡದೆ ಕೂಡಿಸಿದರು. ಊರಿನ ದರ್ಜಿಯವರಿಂದ ದಪ್ಪ ಕ್ಯಾನ್ವಾಸಿನ ಚೀಲಗಳನ್ನು ಹೊಲಿಸಿದೆವು. ಜಿಪ್ಪಿನ ಬದಲು ಬಕಲು; ಪಟ್ಟಿ ಕೂಡುವಲ್ಲಿ ಚೌಕವಾಗಿ ಎರಡು ಸುತ್ತಿನ ಹೊಲಿಗೆ; ತಳಕ್ಕೆ ಇಮ್ಮಡಿ ಅರಿವೆ. ಒಂದಕ್ಕೆ ಹಿಂದಿನ ಚೀಲದ ಎರಡೂವರೆ ಪಟ್ಟು ಖರ್ಚಾಯಿತು. ಸಂಖ್ಯೆ ಇನ್ನೂರರಿಂದ ಎಂಬತ್ತಕ್ಕೆ ಇಳಿಯಿತು. ಮೊದಲ ವರ್ಷ ಐದನೆಯ ತರಗತಿಗೆ ಬಂದವರಿಗೂ ತೀರ ಕೈಲಾಗದವರಿಗೂ ಮಾತ್ರ ಕೊಟ್ಟೆವು, ಉಳಿದವರಿಗೆ ಇಲ್ಲವೆನ್ನಬೇಕಾಯಿತು. ಅದು ಸುಲಭವಾದ ದಿನವಾಗಿರಲಿಲ್ಲ. ಎರಡನೆಯ ವರ್ಷ ಇನ್ನೆಂಬತ್ತು, ಮೂರನೆಯ ವರ್ಷ ಉಳಿದವರಿಗೆ. ಈಗ ಎಲ್ಲರ ಹೆಗಲಿಗೂ ಚೀಲವಿದೆ. ಮೊದಲ ಎಂಬತ್ತರಲ್ಲಿ ಎಪ್ಪತ್ತಮೂರು ಇನ್ನೂ ಬಳಕೆಯಲ್ಲಿವೆ. ಬಕಲು ಮುರಿದರೆ ದರ್ಜಿಯವರು ಹತ್ತು ರೂಪಾಯಿಗೆ ಹಾಕಿಕೊಡುತ್ತಾರೆ. ಚೀಲಗಳ ಮೇಲೆ ಯಾರ ಹೆಸರನ್ನೂ ಬರೆಯಿಸಿಲ್ಲ.

ಮಠಕ್ಕೆ ವಸ್ತುರೂಪದಲ್ಲಿ ಕಾಣಿಕೆ ಒಪ್ಪಿಸಬಯಸುವವರು ಇನ್ನು ಮುಂದೆ ಕೊಳ್ಳುವ ಮೊದಲು ಕಾರ್ಯಾಲಯದಲ್ಲಿ ಒಮ್ಮೆ ವಿಚಾರಿಸಬೇಕೆಂದು ಕೋರುತ್ತೇವೆ. ಅಂತೆಯೇ ಬರುವ ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯ ಮರುದಿನ ಬೆಳಿಗ್ಗೆಯಿಂದ ಕಲಾಯಿಗಾರರು, ಚಪ್ಪಲಿ ಹೊಲಿಯುವವರು, ದರ್ಜಿಯವರು, ಗಡಿಯಾರ ದುರಸ್ತಿಯವರು ಪ್ರಸಾದನಿಲಯದ ಅಂಗಳದಲ್ಲಿ ಕುಳಿತಿರುತ್ತಾರೆ. ಕಲಾಯಿಯ ಸಾಹೇಬರ ಕೈಕೆಳಗೆ ಕಲಿಯಲು ನಮ್ಮ ನಿಲಯದಲ್ಲಿ ಓದಿದ ಇಬ್ಬರು ತರುಣರು ಮುಂದೆ ಬಂದಿದ್ದಾರೆ. ಅವರ ಮೊದಲ ವರ್ಷದ ಊಟ ವಸತಿ ಮಠದ್ದು. ನಿಮ್ಮ ಮನೆಯ ಅಟ್ಟದ ಮೇಲಿನ ಹಂಡೆ, ಕೊಡ, ಗಂಗಾಳಗಳನ್ನು ಇಳಿಸಿ ತನ್ನಿರಿ. ಕೂಲಿಯನ್ನು ಅವರವರ ಕೈಗೇ ಕೊಡತಕ್ಕದ್ದು. ಹಳೆಯ ಟ್ರಂಕುಗಳಿಗೆ ಬಣ್ಣ ಹಚ್ಚಿ ಬೀಗ ಸರಿಪಡಿಸುವ ವ್ಯವಸ್ಥೆಯೂ ಇದೆ. ಕೀಲಿಕೈ ಕಳೆದುಕೊಂಡವರು ಮಾತ್ರ ಮುಂಚಿತವಾಗಿ ತಿಳಿಸಬೇಕು.